ಮಲ್ಲೇಶ್ವರಿ ಮತ್ತು ಆ 137.5

ಕರ್ಣಂ ಮಲ್ಲೇಶ್ವರಿ ಅಂದರೆ ಎಲ್ಲರಿಗೂ ಸಿಡ್ನಿಯ ವೇಟ್‌ಲಿಫ್ಟಿಂಗ್ ಕಂಚು ನೆನಪಾಗುತ್ತದೆ. ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು, ಸರಿ. ನನ್ನ ತಲೆಯಲ್ಲಿ ಮಾತ್ರ ಅವರ ಕೊನೆಯ ಪ್ರಯತ್ನವೇ ಸುತ್ತುತ್ತಿರುತ್ತದೆ.

2000ದ ಸೆಪ್ಟೆಂಬರ್, 69 ಕೆಜಿ ದೇಹತೂಕದ ವಿಭಾಗ. ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು) 110 ಕೆಜಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ) 130, ಒಟ್ಟು 240. ಚಿನ್ನ, ಬೆಳ್ಳಿ ಗೆದ್ದವರಿಬ್ಬರದೂ 242.5. ಮಲ್ಲೇಶ್ವರಿ ಕೊನೆಗೆ ಬಾರ್‌ಗೆ ಹಾಕಿಸಿದ್ದು ಎಷ್ಟು ಗೊತ್ತಾ? 137.5! ಒಂದೇ ಏಟಿಗೆ ಏಳೂವರೆ ಕೆಜಿ ಜಾಸ್ತಿ. ಎತ್ತಿದ್ದರೆ ನೇರ ಚಿನ್ನ. ಆಗಲಿಲ್ಲ.

ಅದನ್ನು ಅತಿಯಾಸೆ ಅಂದರೆ ನಾನು ಒಪ್ಪಲ್ಲ. 1994, 1995ರಲ್ಲಿ 54 ಕೆಜಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಹೆಂಗಸರ ವೇಟ್‌ಲಿಫ್ಟಿಂಗನ್ನು ಒಲಿಂಪಿಕ್ಸ್‌ಗೆ ಸೇರಿಸಿದ್ದೇ ಸಿಡ್ನಿಯಲ್ಲಿ. ಅಷ್ಟು ವರ್ಷ ಕಾದವರು ಸುಮ್ನೆ ಸಿಕ್ಕಿದ್ದು ಸಾಕು ಅಂತ ಬರಬೇಕಿತ್ತಾ? ಶ್ರೀಕಾಕುಳಂ ಕಡೆಯ ಹಳ್ಳಿಯ ಹುಡುಗಿಗೆ ಆ ಧೈರ್ಯ ಇತ್ತಲ್ಲ, ನನಗೆ ಅದೇ ಇಷ್ಟ.

2024ರಲ್ಲಿ ಪ್ಯಾರಿಸ್‌ನಲ್ಲಿ ಮೀರಾಬಾಯಿ ಚಾನುಗೆ ಒಂದೇ ಒಂದು ಕೆಜಿಯಲ್ಲಿ ಕಂಚು ತಪ್ಪಿತು. "ಒಂದು ಕೆಜಿ ಎತ್ತೋಕೆ ಆಗ್ಲಿಲ್ವಾ?" ಅಂದರು ನಮ್ಮ ಮನೆಯವರು. ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಒಳಗೆ ತರಲು ಇವರಿಗೆ ನಾನೂ ಒಂದು ಕೈ ಹಾಕಬೇಕು!