ಆಯ್ಕೆ ಪಟ್ಟಿಗೆ ಕಾಯುವವರಿಗೆ ಪ್ರಬಂಧ ಕಲಿಸುತ್ತಾ

ಕಲಬುರಗಿಯ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಪಿಎಸ್‌ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್) ಪರೀಕ್ಷೆಯ ಮೊದಲ ಪತ್ರಿಕೆ ಕಲಿಸುತ್ತೇನೆ. ಪ್ರಬಂಧ, ಸಾರಾಂಶ ಬರಹ, ಭಾಷಾಂತರ, ಎಲ್ಲ ಸೇರಿ 50 ಅಂಕ. ಎರಡನೇ ಪತ್ರಿಕೆಗೆ 150 ಅಂಕ ಇರುವುದರಿಂದ ಓದುವವರ ಗಮನ ಜಾಸ್ತಿ ಆ ಕಡೆಗೇ ಇರುತ್ತದೆ. ಆದರೆ ಬರೆಸುವ ಕೆಲಸದಲ್ಲಿ ಒಂದು ಲಾಭವಿದೆ. ಬರೆಯುವವರ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಹಾಳೆಯ ಮೇಲೆ ಗೊತ್ತಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವವರೇ ಇಲ್ಲಿ ಹೆಚ್ಚು. ಊರಲ್ಲಿ ತೊಗರಿ ಹೊಲ, ಅದೂ ಮಳೆ ನಂಬಿದ್ದು. ಮನೆಯಿಂದ ಬಸ್ಸಿನಲ್ಲಿ ರೊಟ್ಟಿ ಗಂಟು ಬರುತ್ತದೆ. ಅದನ್ನು ಇಸಿದುಕೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದಾಗಲೂ ಕೈಯಲ್ಲಿ ಪ್ರಚಲಿತ ವಿದ್ಯಮಾನದ ಪುಸ್ತಕ. ಇಂಥವರಿಗೆ ಯಾರಾದರೂ "ರಿಸಲ್ಟ್ ಬಗ್ಗೆ ಯೋಚನೆ ಮಾಡಬೇಡ, ಓದ್ತಾ ಹೋಗು" ಅಂದರೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ವಯೋಮಿತಿ ಹತ್ತಿರ ಬರುತ್ತಿದೆ, ತಂಗಿಯ ಮದುವೆ ನಿಂತಿದೆ. ರಿಸಲ್ಟ್ ಬೇಡ ಅಂತ ಅವರು ಹೇಗೆ ಅಂದುಕೊಳ್ಳಬೇಕು? ಹಾಗಾಗಿ ಆ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾನು ಅವರಿಗೆ ನೆನಪಿಸುವುದು ಓಟವನ್ನು. ಬೆಳಿಗ್ಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವ ಹುಡುಗರನ್ನು ನೋಡಿ. ಪಿಎಸ್‌ಐ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು 7 ನಿಮಿಷದೊಳಗೆ ಮುಗಿಸಬೇಕು. ಪಕ್ಕದವ ಎಷ್ಟು ಬೇಗ ಓಡಿದ ಅನ್ನೋದು ಲೆಕ್ಕಕ್ಕಿಲ್ಲ. ಸಮಯದೊಳಗೆ ಬಂದರೆ ಆಯಿತು. ಅದಕ್ಕೇ ಅಲ್ಲಿ ಒಬ್ಬರಿಗೊಬ್ಬರು ಹುರಿದುಂಬಿಸುತ್ತಾರೆ. ನಿನ್ನೆಗಿಂತ ಇವತ್ತು ಎಷ್ಟು ಸೆಕೆಂಡ್ ಕಡಿಮೆಯಾಯಿತು ಅಂತ ನೋಡುತ್ತಾರೆ, ಸುಸ್ತಾಗಿ ಬಂದು ಚೆನ್ನಾಗಿ ನಿದ್ದೆ ಮಾಡುತ್ತಾರೆ. ಅದೇ ಹುಡುಗರು ಸಂಜೆ ಪುಸ್ತಕದ ಮುಂದೆ ಕೂತರೆ ಚಡಪಡಿಕೆ ಶುರು. ಎಷ್ಟು ಜನ ಅರ್ಜಿ ಹಾಕಿದ್ದಾರೆ, ಕಟ್ ಆಫ್ ಎಷ್ಟಕ್ಕೆ ನಿಲ್ಲಬಹುದು, ಧಾರವಾಡದಲ್ಲಿ ಓದುವವರು ಎಷ್ಟು ಮುಂದಿದ್ದಾರೆ. ಎರಡೂ ಕಡೆ ಅದೇ ಮನುಷ್ಯ, ಅದೇ ಗುರಿ. ಒಂದು ಕಡೆ ಅವನ ಲೆಕ್ಕ ತನ್ನ ಜೊತೆ, ಇನ್ನೊಂದು ಕಡೆ ಕಾಣದ ಸಾವಿರಾರು ಜನರ ಜೊತೆ.

ಲಿಖಿತ ಪರೀಕ್ಷೆಯ ಓದನ್ನೂ ಆ ಓಟದ ಹಾಗೆ ಮಾಡಿಕೊಳ್ಳಬಹುದು ಅಂತ ನನಗೆ ಖಾತ್ರಿಯಾದದ್ದು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಕಾಲದಲ್ಲಿ.

2021ರ ಅಕ್ಟೋಬರ್ 3ರಂದು ಆ ಪರೀಕ್ಷೆ ನಡೆಯಿತು. 50 ಸಾವಿರಕ್ಕೂ ಹೆಚ್ಚು ಜನ ಬರೆದಿದ್ದರು. 2022ರ ಜನವರಿಯಲ್ಲಿ ತಾತ್ಕಾಲಿಕ ಪಟ್ಟಿ ಬಂತು. ನಂತರ ಅಕ್ರಮ ಬಯಲಾಯಿತು, ಅದೂ ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದಲೇ. ಏಪ್ರಿಲ್ ಕೊನೆಗೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ವಿಷಯ ಹೈಕೋರ್ಟಿಗೆ ಹೋಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು, ಬೆಂಗಳೂರಿನಲ್ಲಿ. ನ್ಯಾಯವಾಗಿ ಓದಿ ಪಟ್ಟಿಯಲ್ಲಿ ಬಂದವರೂ ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ನಮ್ಮಲ್ಲಿ ಓದಿದ ಒಬ್ಬ ಹೆಣ್ಣುಮಗಳ ಹೆಸರು ಆ ಮೊದಲ ಪಟ್ಟಿಯಲ್ಲಿತ್ತು. ಊರಲ್ಲಿ ಸನ್ಮಾನ ಆಗಿತ್ತು, ಶಾಲು ಹೊದಿಸಿದ್ದರು. ರದ್ದಾದ ಮೇಲೆ ಆಕೆ ಬಹಳ ದಿನ ಯಾರ ಫೋನನ್ನೂ ಎತ್ತಲಿಲ್ಲ. ಆಮೇಲೆ ಒಂದು ದಿನ ಸೆಂಟರಿಗೆ ಬಂದು, "ಸರ್, ಒಂದು ವಿಷಯ ಕೊಡ್ರಿ, ಇಲ್ಲೇ ಕೂತು ಬರೀತೀನಿ" ಅಂದಳು. ಕೊಟ್ಟೆ. ಬರೆದಳು. ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಹೇಳಿದೆ. "ಈಗ ಯಾರಿಗೂ ತೋರಿಸೋದಿಲ್ಲಲ್ರೀ, ಅದಕ್ಕ ಬರೀಲಿಕ್ಕೆ ಹಗುರ ಆಗ್ತದ" ಅಂದಳು.

ಮರುಪರೀಕ್ಷೆಯ ಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ನಡುವೆ ಬರೆದಿದ್ದ ಇನ್ನೊಂದು ಪರೀಕ್ಷೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಈಗಲೂ ರಜೆಯ ದಿನ ಓದುತ್ತಾಳೆ. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಅಂತ ನಾನು ಹೇಳುವುದಿಲ್ಲ. ಆಕೆಗೆ ಅನ್ಯಾಯವಾಗಿದೆ, ಅದು ಅನ್ಯಾಯವೇ. ಆದರೆ ಪಟ್ಟಿ ಆಕೆಯ ಕೈಯಿಂದ ಹೋದಾಗ ಬರೆಯುವ ಶಕ್ತಿ ಹೋಗಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ.

ಆವಾಗಿನಿಂದ ನನ್ನ ಕ್ಲಾಸು ನಡೆಯುವ ರೀತಿ ಬೇರೆ. ಪ್ರಬಂಧದ ಮೇಲೆ ಅಂಕ ಬರೆಯುವುದಿಲ್ಲ. ಮುಂದಿನ ಸಲ ಸರಿಮಾಡಬೇಕಾದ ಒಂದೇ ಒಂದು ವಿಷಯ ಬರೆಯುತ್ತೇನೆ. ಪೀಠಿಕೆ ಉದ್ದವಾಯಿತು, ಅಥವಾ ಉದಾಹರಣೆ ಎಲ್ಲೂ ಇಲ್ಲ, ಅಷ್ಟೇ. ಅದೇ ಪ್ರಬಂಧವನ್ನು ಮತ್ತೆ ಬರೆಯಬೇಕು. ಬಹಳ ಜನಕ್ಕೆ ಇದು ಬೇಜಾರು. ಹೊಸ ವಿಷಯ ಕೊಡ್ರಿ ಅಂತಾರೆ. ಎರಡನೇ ಸಲ ಬರೆದವರ ಕೈ ತಿದ್ದಿಕೊಂಡದ್ದು ಎದ್ದು ಕಾಣುತ್ತದೆ, ಹಾಗಾಗಿ ನಾನು ಜಗ್ಗುವುದಿಲ್ಲ.

ಎರಡನೇ ಪತ್ರಿಕೆಯ ಅಭ್ಯಾಸಕ್ಕೂ ಒಂದು ನೋಟ್‌ಬುಕ್ ಇಡಿಸುತ್ತೇನೆ. ಅಲ್ಲಿ ಸರಿ ಉತ್ತರಕ್ಕೆ 1.5 ಅಂಕ, ತಪ್ಪಿಗೆ 0.375 ಕಳೆಯುತ್ತಾರೆ. ಒಟ್ಟು ಎಷ್ಟು ಬಂತು ಅಂತ ಬರೆಯುವ ಬದಲು ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಬೇಕು. ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಸುಮ್ನೆ ಊಹೆ ಮಾಡಿದ್ದೋ. ಗೊತ್ತಿಲ್ಲದ್ದಕ್ಕೆ ಓದಬೇಕು, ಪ್ರಶ್ನೆ ಸರಿಯಾಗಿ ಓದದ್ದಕ್ಕೆ ನಿಧಾನ ಬೇಕು, ಊಹೆ ಮಾಡಿದ್ದಕ್ಕೆ ಪ್ರಶ್ನೆಯನ್ನು ಹಾಗೇ ಬಿಡುವ ಧೈರ್ಯ ಬೇಕು. ಮೂರಕ್ಕೂ ಮದ್ದು ಬೇರೆ ಬೇರೆ, ಆದರೆ ಮೂರೂ ಓದುವವರ ಕೈಯಲ್ಲೇ ಇವೆ.

ಪರೀಕ್ಷೆ ಬರೆದು ಬಂದ ಸಂಜೆ ಟೆಲಿಗ್ರಾಮ್ ಗುಂಪುಗಳಲ್ಲಿ ಕೀ ಉತ್ತರ ಹುಡುಕುವುದು ಬೇಡ ಅಂತಲೂ ಕೇಳಿಕೊಳ್ಳುತ್ತೇನೆ. ಅಧಿಕೃತ ಕೀ ಉತ್ತರ ಬಂದ ಮೇಲೆ ಒಂದು ಸಲ ಕೂತು ನೋಡಲಿ. ಉತ್ತರ ತಪ್ಪಿದ್ದರೆ ದಾಖಲೆ ಸಮೇತ ಆಕ್ಷೇಪಣೆ ಹಾಕಲಿ, ಕೊಟ್ಟ ದಿನಾಂಕದೊಳಗೆ. ಕೀ ಉತ್ತರದ ಹಿಂದೆ ಓಡುವುದನ್ನು ಬಿಡುವುದು ಅಂದರೆ ಹಕ್ಕು ಬಿಡುವುದಲ್ಲ. 2024ರ ಆಗಸ್ಟ್ 27ರ ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದಾಗ ಅಭ್ಯರ್ಥಿಗಳು ಗಟ್ಟಿಯಾಗಿ ಕೇಳಿದರು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಕೇಳುವುದು ಕೇಳಿ, ಮರುದಿನ ಮತ್ತೆ ಓದಿಗೆ ಕೂತವರನ್ನು ನಾನು ಬಹಳ ಮೆಚ್ಚುತ್ತೇನೆ.

ನನ್ನ ಕೆಲಸದಲ್ಲೂ ಇಂಥದೊಂದು ಪಟ್ಟಿ ಇದೆ. ಆಯ್ಕೆಯಾದವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರೆ ಸೆಂಟರಿಗೆ ಹೆಸರು. ಅದು ವ್ಯಾಪಾರಕ್ಕೆ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮೇಷ್ಟ್ರು ಆ ಫೋಟೋಗಳನ್ನು ಎಣಿಸುತ್ತಾ ಕೂತರೆ ಹಿಂದಿನ ಬೆಂಚಿನವರು ಕಣ್ಣಿಗೆ ಬೀಳುವುದೇ ಇಲ್ಲ. ನಾನು ತಿಂಗಳ ಕೊನೆಗೆ ಎಣಿಸುವುದು, ಎಷ್ಟು ಜನ ಎರಡನೇ ಸಲ ಬರೆದು ತಂದರು ಅನ್ನೋದನ್ನ.

ಊರಿಂದ ಅಪ್ಪಂದಿರು ಫೋನ್ ಮಾಡುತ್ತಾರೆ. "ಸರ್, ಈ ಸಲರೆ ಆಗ್ತದೇನ್ರೀ ನಮ್ಮ ಹುಡುಗಂದು?" ಆಗ್ತದೆ ಅಂತ ಸುಳ್ಳು ಹೇಳಲಾರೆ, ಗೊತ್ತಿಲ್ಲ ಅಂದರೆ ಅವರ ಎದೆ ಒಡೆಯುತ್ತದೆ. "ಕಾಕಾ, ಹುಡುಗ ಚಲೋ ಬರೀಲಿಕತ್ತಾನ. ಇನ್ನೊಂದು ಪರೀಕ್ಷೆಗೂ ಅರ್ಜಿ ಹಾಕಿಸೀನಿ. ಬಜಾರಕ್ಕ ಬಂದಾಗ ಸೆಂಟರಿಗೆ ಬರ್ರಿ, ಅವನ ನೋಟ್‌ಬುಕ್ ತೋರಿಸ್ತೀನಿ" ಅನ್ನುತ್ತೇನೆ. ಕೆಲವರು ಬಂದಿದ್ದಾರೆ. ಓದು ಬರದವರೂ ಹಾಳೆ ತಿರುವಿ ನೋಡಿ, "ಇಷ್ಟೆಲ್ಲ ಇವನೇ ಬರೆದಾನೇನ್ರೀ?" ಅಂತ ಕೇಳಿದ್ದಾರೆ.