ಪ್ಲಸ್ ಎಷ್ಟು, ಮೈನಸ್ ಎಷ್ಟು?

ಪಿಎಚ್‌ಡಿಯ ಎರಡನೇ ವರ್ಷ ನನ್ನ ಮೇಜಿನ ಮೇಲೆ ಒಂದು ಚಿಕ್ಕ ಗಾಜಿನ ಬಾಟಲಿ ನಾಲ್ಕು ತಿಂಗಳು ಕೂತಿತ್ತು. ಒಳಗೆ ಸುಮಾರು 20 ಗ್ರಾಂ ದ್ರವ. ಬಣ್ಣ ಇಲ್ಲ, ವಾಸನೆ ಇಲ್ಲ. ಓರೆ ಮಾಡಿದರೆ ಎಣ್ಣೆಗಿಂತ ನಿಧಾನವಾಗಿ ಜರುಗುತ್ತಿತ್ತು. ನೋಡಿದವರು ಗ್ಲಿಸರಿನ್ ಅಂದುಕೊಳ್ಳುತ್ತಿದ್ದರು. ಅದು ಉಪ್ಪು.

ಉಪ್ಪಿನ ನೀರಲ್ಲ, ಬರೀ ಉಪ್ಪು. ಪ್ಲಸ್ ಅಯಾನು, ಮೈನಸ್ ಅಯಾನು, ಅಷ್ಟೇ. (ಅಯಾನು ಅಂದರೆ ವಿದ್ಯುತ್ ಚಾರ್ಜ್ ಇರುವ ಪರಮಾಣು ಅಥವಾ ಪರಮಾಣುಗಳ ಗುಂಪು.) ಅಡುಗೆ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. 100 ಡಿಗ್ರಿಯೊಳಗೇ ಕರಗುವ ಉಪ್ಪುಗಳಿಗೆ ನಾವು ಅಯಾನಿಕ್ ಲಿಕ್ವಿಡ್ ಅನ್ನುತ್ತೇವೆ. ಇದೇನು ಹೊಸ ವಿಷಯ ಅಲ್ಲ. ರಸಾಯನ ವಿಜ್ಞಾನಿ ಪಾಲ್ ವಾಲ್ಡೆನ್ 1914ರಲ್ಲೇ ಈಥೈಲ್ ಅಮೋನಿಯಂ ನೈಟ್ರೇಟ್ ಬಗ್ಗೆ ಬರೆದಿದ್ದರು. ಅದು ಸುಮಾರು 12 ಡಿಗ್ರಿಗೆ ಕರಗುತ್ತದೆ.

ಅಡುಗೆ ಉಪ್ಪಿನ ಸೋಡಿಯಂ, ಕ್ಲೋರೈಡ್ ಅಯಾನುಗಳು ಎರಡೂ ಗೋಲಿಗಳ ಹಾಗೆ. ಸಾಲಾಗಿ ಇಟ್ಟರೆ ಬಿಗಿಯಾಗಿ ಕೂರುತ್ತವೆ. ನನ್ನ ಉಪ್ಪಿನ ಪ್ಲಸ್ ಅಯಾನು ಇಮಿಡಜೋಲಿಯಂ ಜಾತಿಯದು: ಒಂದು ಚಪ್ಪಟೆ ಉಂಗುರ, ಅದಕ್ಕೊಂದು ಕಾರ್ಬನ್ ಬಾಲ. ಬಾಲ ಇರುವ ಗಾಳಿಪಟಗಳನ್ನು ಪೆಟ್ಟಿಗೆಯಲ್ಲಿ ಒಪ್ಪವಾಗಿ ಜೋಡಿಸಿ ನೋಡಿ, ಆಗ ಗೊತ್ತಾಗುತ್ತದೆ ಕಷ್ಟ. ಬಾಲ ಒಂದೊಂದರಲ್ಲೂ ಒಂದೊಂದು ಕಡೆ ತಿರುಗಿರುತ್ತದೆ. ಈ ಜಾತಿಯ ಒಂದು ಕ್ಲೋರೈಡ್ ಉಪ್ಪಿಗೆ ಎರಡು ಬಗೆಯ ಹರಳು ಇದೆ ಅಂತ 2003ರಲ್ಲಿ ಪ್ರಕಟವಾಗಿತ್ತು. ಎರಡರಲ್ಲೂ ಇರುವುದು ಅದೇ ವಸ್ತು, ಬಾಲ ಮಡಚಿಕೊಂಡ ರೀತಿ ಮಾತ್ರ ಬೇರೆ. ಒಂದೇ ವಸ್ತುವಿನ ಇಂಥ ಬೇರೆ ಬೇರೆ ಹರಳುಗಳಿಗೆ ಪಾಲಿಮಾರ್ಫ್ ಅಂತ ಹೆಸರು. ಈ ಮಾತು ನೆನಪಿರಲಿ, ಆಮೇಲೆ ನಾನು ಇದನ್ನೇ ಹಿಡಿದುಕೊಂಡು ವಾದ ಮಾಡಿದೆ.

ನನ್ನ ಬಾಟಲಿಯಲ್ಲಿದ್ದ ಮೈನಸ್ ಅಯಾನು ಹೆಕ್ಸಾಫ್ಲೋರೋಫಾಸ್ಫೇಟ್. ನಡುವೆ ಒಂದು ಫಾಸ್ಫರಸ್, ಸುತ್ತ ಆರು ಫ್ಲೋರಿನ್. ಇದರ ಹರಳು ಮಾಡಿ, ಎಕ್ಸ್-ರೇ ಹಾಯಿಸಿ, ಯಾವ ಅಯಾನು ಎಲ್ಲಿ ಕೂತಿದೆ ಅಂತ ನೋಡುವುದು ನನ್ನ ಕೆಲಸ. ತೊಂದರೆ ಏನೆಂದರೆ ಅದು ಹರಳಾಗುತ್ತಲೇ ಇರಲಿಲ್ಲ. ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿಟ್ಟರೆ ಜೇನಿನ ಹಾಗೆ ಮಂದವಾಗುತ್ತಿತ್ತು. ಇನ್ನೂ ತಣ್ಣಗೆ ಮಾಡಿದರೆ ಗಾಜಿನ ಹಾಗೆ ಬಿರುಸಾಗುತ್ತಿತ್ತು. ಗಾಜು ಹರಳಲ್ಲ, ಅದರಲ್ಲಿ ಸಾಲೂ ಇಲ್ಲ, ಶಿಸ್ತೂ ಇಲ್ಲ. ಬೇಸರ ಬಂದು ಬಾಟಲಿಯನ್ನು ಮೇಜಿನ ಮೂಲೆಗೆ ತಳ್ಳಿದೆ.

ಒಂದು ಬೆಳಿಗ್ಗೆ ನೋಡಿದರೆ ತಳದಲ್ಲಿ ಏನೋ ಮಿಣುಕುತ್ತಿದೆ. ಹರಳು! ಒಂದೊಂದೂ 0.2 ಮಿಲಿಮೀಟರ್ ಇರಬಹುದು, ಅಂಚು ಕತ್ತರಿಸಿಟ್ಟ ಹಾಗೆ. ಅಂದೇ ಒಂದನ್ನು ಎತ್ತಿ ಡಿಫ್ರಾಕ್ಟೋಮೀಟರ್‌ಗೆ, ಅಂದರೆ ಹರಳಿಗೆ ಎಕ್ಸ್-ರೇ ಹಾಯಿಸಿ ಅಳೆಯುವ ಯಂತ್ರಕ್ಕೆ, ಏರಿಸಿದೆ. 100 ಕೆಲ್ವಿನ್‌ನ ನೈಟ್ರೋಜನ್ ಗಾಳಿಯಲ್ಲಿ ರಾತ್ರಿಯಿಡೀ ಅಳತೆ ನಡೆಯಿತು. ಮರುದಿನ ಮಧ್ಯಾಹ್ನಕ್ಕೆ ರಚನೆ ಸಿಕ್ಕಿತು. ಆರ್ ಬೆಲೆ 4 ಪರ್ಸೆಂಟ್‌ಗಿಂತ ಕಡಿಮೆ. ನಮ್ಮ ಕೆಲಸದಲ್ಲಿ ಇದು ಒಳ್ಳೆಯ ಮಾರ್ಕ್ಸ್ ಇದ್ದ ಹಾಗೆ, ನಮ್ಮ ಮಾದರಿಗೂ ಅಳೆದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಹೇಳುತ್ತದೆ. ಚಿತ್ರವನ್ನು ಕಂಪ್ಯೂಟರ್‌ನ ವಾಲ್‌ಪೇಪರ್ ಮಾಡಿಕೊಂಡೆ. ಪೇಪರ್‌ನ ಮೊದಲ ಪ್ಯಾರಾನೂ ಬರೆದಾಯಿತು.

ಗೈಡ್ ಮೇಡಂ ಚಿತ್ರ ನೋಡಿದರು.

"ಫ್ರೀಜರ್‌ನಲ್ಲಿ ಗಟ್ಟಿಯಾಗದ್ದು ಮೇಜಿನ ಮೇಲೆ ಹರಳಾಯ್ತಾ?"

"ಬೇರೆ ಪಾಲಿಮಾರ್ಫ್ ಇರಬಹುದು ಮೇಡಂ."

"ಇರಬಹುದು. ಪ್ಲಸ್ ಎಷ್ಟು, ಮೈನಸ್ ಎಷ್ಟು?"

"ಒಂದಕ್ಕೊಂದು."

"ಎಣಿಸಿದ್ಯಾ, ಇಲ್ಲ ಚಿತ್ರ ನೋಡಿ ಹೇಳ್ತಿದ್ದೀಯಾ?"

ಚಿತ್ರ ನೋಡಿಯೇ ಹೇಳಿದ್ದೆ. ಚಿತ್ರದಲ್ಲಿ ಒಂದು ಪ್ಲಸ್ ಅಯಾನು, ಒಂದು ಮೈನಸ್ ಅಯಾನು ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಆ ಮೈನಸ್ ಅಯಾನು ಸಿಮೆಟ್ರಿಯ ಕೇಂದ್ರದ ಮೇಲೆ, ಅಂದರೆ ಹರಳಿನ ಒಂದೇ ಥರದ ಎರಡು ಭಾಗಗಳ ನಡುಬಿಂದುವಿನ ಮೇಲೆ, ಕೂತಿತ್ತು. ಲೆಕ್ಕದ ಪ್ರಕಾರ ಒಂದು ಪ್ಲಸ್ ಅಯಾನಿನ ಪಾಲಿಗೆ ಅದರಲ್ಲಿ ಅರ್ಧ ಮಾತ್ರ. ಉಳಿದ ಅರ್ಧವನ್ನು ಪ್ರೋಗ್ರಾಂ ತಾನೇ ತುಂಬಿಸಿ ಬರೆದಿತ್ತು. ಅಂದರೆ ಎರಡು ಪ್ಲಸ್‌ಗೆ ಒಂದೇ ಮೈನಸ್. ಹೆಕ್ಸಾಫ್ಲೋರೋಫಾಸ್ಫೇಟ್‌ಗೆ ಇರುವುದು ಒಂದೇ ಮೈನಸ್ ಚಾರ್ಜ್. ಎರಡು ಪ್ಲಸ್ ಚಾರ್ಜ್‌ಗೆ ಒಂದೇ ಮೈನಸ್ ಚಾರ್ಜ್ ಇರುವ ಹರಳು ಪ್ರಪಂಚದಲ್ಲಿ ಇರುವುದಕ್ಕೆ ಸಾಧ್ಯವಿಲ್ಲ.

ನಡುವೆ ಇದ್ದದ್ದು ಫಾಸ್ಫರಸ್ ಅಲ್ಲ, ಸಿಲಿಕಾನ್. ಹೆಕ್ಸಾಫ್ಲೋರೋಸಿಲಿಕೇಟ್. ಅದಕ್ಕೂ ಆರು ಫ್ಲೋರಿನ್, ಅದೇ ಎಂಟು ಮುಖದ ಆಕಾರ, ಆದರೆ ಚಾರ್ಜ್ ಮೈನಸ್ ಎರಡು. ಎಕ್ಸ್-ರೇಗೆ ಕಾಣುವುದು ಎಲೆಕ್ಟ್ರಾನ್‌ಗಳು ಮಾತ್ರ. ಫಾಸ್ಫರಸ್‌ನಲ್ಲಿ 15, ಸಿಲಿಕಾನ್‌ನಲ್ಲಿ 14. ಒಂದು ಎಲೆಕ್ಟ್ರಾನ್ ಹೆಚ್ಚುಕಮ್ಮಿಯಾದರೆ ಪ್ರೋಗ್ರಾಂ ದೂರು ಕೊಡುವುದಿಲ್ಲ, ಆ ಪರಮಾಣುವನ್ನು ಸ್ವಲ್ಪ ಉಬ್ಬಿಸಿ ಹೇಗೋ ಹೊಂದಿಸಿಕೊಳ್ಳುತ್ತದೆ. ಸುಳಿವು ಇರಲಿಲ್ಲ ಅಂತಲ್ಲ. ಫಾಸ್ಫರಸ್-ಫ್ಲೋರಿನ್ ಬಂಧ ಸುಮಾರು 1.6 ಆಂಗ್‌ಸ್ಟ್ರಾಮ್ ಇರಬೇಕು. ನನ್ನದು 1.68 ಹತ್ತಿರ ಬಂದಿತ್ತು, ಅದು ಸಿಲಿಕಾನ್-ಫ್ಲೋರಿನ್ ಅಳತೆ. ನೋಡಿದ್ದೆ. ಹೈಡ್ರೋಜನ್ ಬಂಧ ಎಳೆದು ಉದ್ದ ಮಾಡಿದೆ ಅಂತ ಒಂದು ಸಾಲು ವಿವರಣೆಯನ್ನೂ ಬರೆದಿದ್ದೆ. ಇವತ್ತು ನನಗೆ ಜಾಸ್ತಿ ನಾಚಿಕೆ ತರುವುದು ಆ ಸಾಲು. ತಪ್ಪು ಪರಮಾಣು ಹಾಕುವುದು ಯಾರಿಗಾದರೂ ಆಗಬಹುದು. ಆದರೆ ಅಳತೆಯೇ ಇದು ಸರಿಯಿಲ್ಲ ಅಂದಾಗ ನಾನು ಕಥೆ ಕಟ್ಟಿದ್ದೆ.

ಸಿಲಿಕಾನ್ ಎಲ್ಲಿಂದ ಬಂತು? ಮೇಡಂ ಬಾಟಲಿಯನ್ನು ದೀಪಕ್ಕೆ ಹಿಡಿದರು. ತಳದ ಗಾಜು ಮಬ್ಬಾಗಿತ್ತು. ನಾನು ಅದನ್ನು ಕೊಳೆ ಅಂದುಕೊಂಡಿದ್ದೆ.

ಈ ಉಪ್ಪು ಮಾಡುವಾಗ ಹೆಕ್ಸಾಫ್ಲೋರೋಫಾಸ್ಫಾರಿಕ್ ಆಸಿಡ್ ಬಳಸುತ್ತೇವೆ. ಆಮೇಲೆ ನೀರಿನಲ್ಲಿ ತೊಳೆಯಬೇಕು, ತೊಳೆದ ನೀರಿನಲ್ಲಿ ಆಸಿಡ್ ಒಂದಿಷ್ಟೂ ಇಲ್ಲ ಅನ್ನುವವರೆಗೆ. ಪ್ರತಿ ಸಲ ತೊಳೆದಾಗಲೂ ಸ್ವಲ್ಪ ಮಾಲು ನೀರಿನ ಜೊತೆ ಹೋಗುತ್ತದೆ. ನನಗೆ ಹೊಟ್ಟೆ ಉರಿದು ಬೇಗ ನಿಲ್ಲಿಸಿದ್ದೆ. ಉಳಿದ ಆಸಿಡ್, ಉಳಿದ ನೀರು ಸೇರಿ ಫಾಸ್ಫೇಟ್ ಅಯಾನನ್ನು ನಿಧಾನವಾಗಿ ಒಡೆದವು. ಒಡೆದಾಗ ಬರುವುದು ಹೈಡ್ರೋಜನ್ ಫ್ಲೋರೈಡ್. ಅದು ಗಾಜನ್ನು ತಿನ್ನುತ್ತದೆ. ಗಾಜಿನ ಸಿಲಿಕಾನ್ ಎತ್ತಿಕೊಂಡು ನನ್ನ ಇಮಿಡಜೋಲಿಯಂ ಜೊತೆ ಸೇರಿ ಹರಳಾಯಿತು. ನಾನು ನಾಲ್ಕು ತಿಂಗಳು ಕಾದು ಪಡೆದದ್ದು ಬಾಟಲಿಯ ರಚನೆ!

ಮೇಡಂ ಅವತ್ತು ಪೇಪರ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕೈ ತೋರಿಸು" ಅಂದರು. ಹೈಡ್ರೋಜನ್ ಫ್ಲೋರೈಡ್ ಚರ್ಮದೊಳಗೆ ಇಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ದ್ರಾವಣ ತೆಳುವಾಗಿದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಶುರುವಾಗಬಹುದು, ಅಷ್ಟರಲ್ಲಿ ಹಾನಿ ಆಗಿರುತ್ತದೆ. ಅದಕ್ಕೇ ಇಂಥ ಲ್ಯಾಬ್‌ಗಳಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಟ್ಟಿರುತ್ತಾರೆ. ನಾನು ಪ್ರತಿ ಸಲವೂ ಗ್ಲೌಸ್ ಹಾಕಿದ್ದೆ, ಹಾಗಾಗಿ ಬಚಾವ್. ಆದರೆ ಮುಚ್ಚಳ ತೆಗೆದು ಮೂಸಿ ನೋಡಿದ್ದೆ, ಅದನ್ನು ಅವರಿಗೆ ಹೇಳಲಿಲ್ಲ.

ಸಂಜೆ ಉಳಿದ ಹರಳುಗಳನ್ನು ಕರಗಿಸಿ ಎನ್‌ಎಂಆರ್ ತೆಗೆದೆವು. ಆಯಸ್ಕಾಂತದಲ್ಲಿಟ್ಟು ಯಾವ ಪರಮಾಣುವಿನ ಪಕ್ಕ ಏನಿದೆ ಅಂತ ನೋಡುವ ಪರೀಕ್ಷೆ ಅದು. ಫಾಸ್ಫರಸ್‌ಗೆ ಅಂಟಿದ ಫ್ಲೋರಿನ್ ಎರಡು ಗೆರೆ ಕೊಡಬೇಕು. ಸಿಕ್ಕಿದ್ದು ಒಂದೇ ಗೆರೆ. ಫಾಸ್ಫರಸ್ ಕಡೆ ನೋಡಿದರೆ ಖಾಲಿ ಬಯಲು. ಹತ್ತು ನಿಮಿಷದ ಕೆಲಸ.

ಆಮೇಲೆ ಸುಮ್ನೆ ಒಂದು ಲೆಕ್ಕ ಹಾಕಿದೆ. 0.2 ಮಿಲಿಮೀಟರ್‌ನ ಹರಳು ತೂಗುವುದು ಸುಮಾರು ಒಂದು ಮಿಲಿಗ್ರಾಂನ ನೂರನೇ ಒಂದು ಪಾಲು. ಬಾಟಲಿಯಲ್ಲಿ 20 ಗ್ರಾಂ. ಇಪ್ಪತ್ತು ಲಕ್ಷದಲ್ಲಿ ಒಂದು ಪಾಲನ್ನು ಕೇಳಿ, ಇಡೀ ಬಾಟಲಿ ಹೀಗಿದೆ ಅಂತ ಬರೆಯಲು ಹೊರಟಿದ್ದೆ. ಅದೂ ಹೇಗೆ ಆರಿಸಿದ ಪಾಲು? ಎಲ್ಲಕ್ಕಿಂತ ಸುಲಭವಾಗಿ ಹರಳಾಗುವುದು ಯಾವುದೋ ಅದು. ಹರಳಾಗದ ದ್ರವದಲ್ಲಿ ಮೊದಲು ಹರಳಾಗುವುದು ಕಲಬೆರಕೆಯೇ ಅಲ್ವಾ?

ದೊಡ್ಡವರಿಗೂ ಹೀಗಾಗಿದೆ ಅಂತ ಆಮೇಲೆ ಓದಿದೆ. 1970ರ ದಶಕದ ಶುರುವಿನಲ್ಲಿ ಮಾಲಿಬ್ಡಿನಂನ ಒಂದು ಸಂಯುಕ್ತಕ್ಕೆ ನೀಲಿ ರೂಪ, ಹಸಿರು ರೂಪ ಎರಡಿವೆ, ಒಂದು ಬಂಧದ ಉದ್ದ ಮಾತ್ರ ಬೇರೆ ಅಂತ ಎಕ್ಸ್-ರೇ ಅಳತೆ ಹೇಳಿತು. ಅದರ ಮೇಲೆ ಸಿದ್ಧಾಂತಗಳೂ ಹುಟ್ಟಿದವು. ಸುಮಾರು ಇಪ್ಪತ್ತು ವರ್ಷ ಆದಮೇಲೆ ಜೆರಾರ್ಡ್ ಪಾರ್ಕಿನ್ ಮತ್ತು ಸಂಗಡಿಗರು ಬಿಡಿಸಿ ನೋಡಿದರೆ, ಹಸಿರು ಹರಳು ಅಂದರೆ ನೀಲಿಯಲ್ಲಿ ಬೆರೆತ ಹಳದಿ ಕಲಬೆರಕೆ. ಆಕ್ಸಿಜನ್ ಜಾಗದಲ್ಲಿ ಅಲ್ಲಲ್ಲಿ ಕ್ಲೋರಿನ್ ಕೂತು ಬಂಧ ಉದ್ದವಾಗಿ ಕಂಡಿತ್ತು. ನೀಲಿ, ಹಳದಿ ಸೇರಿದರೆ ಹಸಿರು, ಮಕ್ಕಳಿಗೂ ಗೊತ್ತು!

ಈಗ ನನ್ನ ಕೈಕೆಳಗೆ ಹುಡುಗರು ಹರಳು ತಂದರೆ ನಾನು ಚಿತ್ರ ಕೇಳುವುದಿಲ್ಲ, ಫಾರ್ಮುಲಾ ಬರೆದು ಚಾರ್ಜ್ ಕೂಡಿಸು ಅನ್ನುತ್ತೇನೆ. ಫ್ಲೋರಿನ್ ಇರುವ ದ್ರವಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತೇವೆ. ತೊಳೆಯುವಾಗ ಮಾಲು ಹೋದರೆ ಹೋಗಲಿ.

ಆ ಉಪ್ಪನ್ನು ಮತ್ತೆ ಮಾಡಿದೆ, ಈ ಸಲ ಹನ್ನೊಂದು ಬಾರಿ ತೊಳೆದು. ಸಣ್ಣ ನಳಿಗೆಯಲ್ಲಿ ತುಂಬಿ, ತಣ್ಣಗೆ ಮಾಡಿ, ಬಿಸಿ ಮಾಡಿ, ಮತ್ತೆ ತಣ್ಣಗೆ ಮಾಡಿ ನೋಡಿದ್ದೇನೆ. ಇವತ್ತಿಗೂ ಒಂದು ಹರಳು ಬಂದಿಲ್ಲ.