ಡ್ರಮ್ಸ್ ಇಲ್ಲದ ಮೂವರು

ಲಂಡನ್ನಿನ ಡಾಲ್‌ಸ್ಟನ್‌ನಲ್ಲಿ ಕೆಫೆ ಓಟೋ ಅಂತ ಒಂದು ಜಾಗ ಇದೆ. 2008ರಲ್ಲಿ ಶುರುವಾದದ್ದು. ಹಗಲು ಕಾಫಿ, ರಾತ್ರಿ ಸಂಗೀತ. ಎತ್ತರದ ವೇದಿಕೆ ಏನೂ ಇಲ್ಲ. ಬೇಗ ಹೋದರೆ ವಾದಕರ ಮುಂದೆಯೇ ಕುರ್ಚಿ ಸಿಗುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಧಾರವಾಡದ ಗೆಳೆಯನ ಜೊತೆ ಹೋಗಿದ್ದೆ. ಸ್ಯಾಕ್ಸೋಫೋನ್, ಗಿಟಾರ್, ಪಿಟೀಲಿನ ಜಾತಿಯ ಆಳುದ್ದದ ಡಬಲ್ ಬಾಸ್. ಅಷ್ಟೇ. ಹಾಡು ಇಲ್ಲ, ಸ್ವರ ಬರೆದ ಹಾಳೆ ಇಲ್ಲ, ಮೊದಲೇ ಮಾತಾಡಿಕೊಂಡದ್ದೂ ಇಲ್ಲ. ಹೀಗೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದಕ್ಕೆ ಫ್ರೀ ಇಂಪ್ರೊವೈಸೇಶನ್ ಅನ್ನುತ್ತಾರೆ.

ನಾನು ಪುತ್ತೂರಿನವನು. ನಮ್ಮ ಕಡೆ ಮದುವೆಗೂ ದೇವಸ್ಥಾನದ ಉತ್ಸವಕ್ಕೂ ಸ್ಯಾಕ್ಸೋಫೋನ್ ಇರುತ್ತದೆ. ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ನುಡಿಸುವುದನ್ನು ಕೇಳುತ್ತಾ ಬೆಳೆದವರಿಗೆ ಅದು ಹೊರಗಿನ ವಾದ್ಯ ಅಂತ ಅನ್ನಿಸುವುದೇ ಇಲ್ಲ. ಆದರೆ ಅವತ್ತು ಕೇಳಿದ್ದು ಬೇರೆಯೇ. ಮೊದಲು ಬರೀ ಉಸಿರು ಬಂತು. ಆಮೇಲೆ ಕೀಲಿಗಳ ಟಕಟಕ ಸದ್ದು. ಆಮೇಲೆ ಒಂದೇ ಊದಿನಲ್ಲಿ ಎರಡು ಮೂರು ಸ್ವರ ಒಟ್ಟಿಗೆ, ಒಂದರ ಮೇಲೊಂದು ಉಜ್ಜಿಕೊಂಡು. ಬೆರಳನ್ನು ಎಂದಿನ ಜಾಗದಲ್ಲಿ ಇಡದೆ, ತುಟಿಯ ಒತ್ತಡ ಬದಲಾಯಿಸಿ ಇದನ್ನು ತೆಗೆಯುತ್ತಾರೆ.

ಬ್ರಿಟನ್ನಿನಲ್ಲಿ ಈ ಥರದ ಸಂಗೀತಕ್ಕೆ ದೊಡ್ಡ ಚರಿತ್ರೆಯೇ ಇದೆ. 1963ರ ಹೊತ್ತಿಗೆ ಶೆಫೀಲ್ಡ್‌ನಲ್ಲಿ ಗಿಟಾರಿನ ಡೆರೆಕ್ ಬೈಲಿ, ಬಾಸಿನ ಗ್ಯಾವಿನ್ ಬ್ರಯರ್ಸ್, ಡ್ರಮ್ಸಿನ ಟೋನಿ ಆಕ್ಸ್‌ಲಿ ಮಾಮೂಲಿ ಜಾಜ್ ನುಡಿಸುತ್ತಿದ್ದವರು. ನುಡಿಸುತ್ತಾ ನುಡಿಸುತ್ತಾ ತಾಳ ಬಿಟ್ಟರು, ಕಾರ್ಡುಗಳನ್ನೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳನ್ನೂ, ಬಿಟ್ಟರು. 1970ರಲ್ಲಿ ಬೈಲಿ, ಆಕ್ಸ್‌ಲಿ, ಸ್ಯಾಕ್ಸೋಫೋನಿನ ಇವಾನ್ ಪಾರ್ಕರ್ ಸೇರಿ ಇನ್ಕಸ್ ಅನ್ನುವ ಸ್ವಂತ ರೆಕಾರ್ಡ್ ಕಂಪನಿಯನ್ನೇ ಕಟ್ಟಿದರು. ಡ್ರಮ್ಸ್ ಇಲ್ಲದ ಮೂವರ ತಂಡ ಅದಕ್ಕಿಂತ ಹಳೆಯದು. ಕ್ಲಾರಿನೆಟ್, ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಅಮೆರಿಕದ ಜಿಮ್ಮಿ ಜೂಫ್ರಿ 1950ರ ದಶಕದಲ್ಲೇ ಜೊತೆಗೆ ಗಿಟಾರ್ ಮತ್ತು ಬಾಸ್ ಮಾತ್ರ ಇಟ್ಟುಕೊಂಡು ನುಡಿಸಿದ್ದರು. ಅವರ ಸಂಗೀತದಲ್ಲಿ ರಾಗವೂ ಲಯವೂ ಇತ್ತು, ನಿಜ. ಆದರೆ ಡ್ರಮ್ಸ್ ತೆಗೆದರೆ ಎಷ್ಟು ಸಣ್ಣ ಸದ್ದೂ ಕೇಳುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅವತ್ತು ನಾನು ಜಾಸ್ತಿ ನೋಡಿದ್ದು ಬಾಸಿನವರನ್ನೇ. ಅವರು ಬಿಲ್ಲನ್ನು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಹತ್ತಿರ ತಂದು ಒತ್ತಿ ಎಳೆದರು. ಬಿಲ್ಲಿನ ಒಂದು ಕೂದಲು ಕಿತ್ತು ಗಾಳಿಯಲ್ಲಿ ಅಲ್ಲಾಡುತ್ತಿತ್ತು, ರಾಳದ ಪುಡಿ ದೀಪದ ಬೆಳಕಿಗೆ ಕಾಣುತ್ತಿತ್ತು. ಸ್ಯಾಕ್ಸೋಫೋನ್ ಆಗ ಮೇಲಿನ ಸ್ಥಾಯಿಗೆ ಏರಿ ಕಿರುಚುತ್ತಿತ್ತು. ನಮ್ಮ ಕಚೇರಿಯಲ್ಲಿ ಗಾಯಕರು ಆಲಾಪನೆ ಮಾಡಿದರೆ ಪಿಟೀಲಿನವರು ನೆರಳಿನ ಹಾಗೆ ಬೆನ್ನಿಗೇ ಬರುತ್ತಾರೆ, ಅಲ್ವಾ? ಇಲ್ಲಿ ಬಾಸಿನವರು ಬರಲಿಲ್ಲ. ಅದೇ ಒರಟು ಎಳೆತವನ್ನು ಹಾಗೇ ಮುಂದುವರಿಸಿದರು. ಗಿಟಾರಿನವರಂತೂ ತಂತಿಗಳ ಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ಸುಮ್ಮನೆ ಕೂತರು. ಯಾರೂ ಯಾರ ಹಿಂದೆಯೂ ಹೋಗಲಿಲ್ಲ. ಹಾಗಿದ್ದೂ ಮೂವರೂ ಒಬ್ಬರನ್ನೊಬ್ಬರು ಎಷ್ಟು ಗಮನವಿಟ್ಟು ಕೇಳುತ್ತಿದ್ದರು ಅಂದರೆ, ಸ್ಯಾಕ್ಸೋಫೋನ್ ಉಸಿರಿಗೆ ಅಂತ ನಿಂತ ಕ್ಷಣದಲ್ಲೇ ಗಿಟಾರಿನವರು ಅಂಗೈ ಎತ್ತಿ ಒಂದೇ ಒಂದು ಹಾರ್ಮೋನಿಕ್ ಬಿಟ್ಟರು, ಅಂದರೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ತೆಗೆಯುವ ಗಂಟೆಯಂಥ ಸ್ವರ. ಅಷ್ಟರಲ್ಲಿ ಇಡೀ ಸಂಗೀತದ ಬಣ್ಣವೇ ಬದಲಾಯಿತು. ಬೆನ್ನಿಗೇ ಬರುವುದು ಒಂದು ರೀತಿಯ ಜೊತೆ. ತನ್ನ ಜಾಗ ಬಿಡದೆ ನಿಲ್ಲುವುದೂ ಜೊತೆಯೇ. ನನಗೆ ಈ ಎರಡನೆಯದು ಅವತ್ತು ತುಂಬಾ ಹಿಡಿಸಿತು.

ಸುಮಾರು ಅರ್ಧ ಗಂಟೆ ಆದ ಮೇಲೆ ಮೂವರೂ ಒಟ್ಟಿಗೆ ನಿಂತರು. ಬಿಡುವಿನಲ್ಲಿ ಗೆಳೆಯ ಕೇಳಿದ, "ಮುಗಸೂದು ಇವ್ರಿಗೆ ಹೆಂಗ ಗೊತ್ತಾತಪಾ?" ಬಾಸಿನವರು ಅಲ್ಲೇ ಪಕ್ಕದಲ್ಲಿ ಬಿಲ್ಲಿಗೆ ರಾಳ ಹಚ್ಚುತ್ತಿದ್ದರು. ಹೋಗಿ ಕೇಳಿಯೇಬಿಟ್ಟೆವು. ಮುಗಿಸುವ ಜಾಗ ಮೊದಲೇ ಎರಡು ಸಲ ಬಂದಿತ್ತು, ಪ್ರತಿ ಸಲವೂ ಒಬ್ಬರು ನುಡಿಸುತ್ತಲೇ ಇದ್ದರು, ಹಾಗಾಗಿ ಉಳಿದವರೂ ಮುಂದುವರಿಸಿದೆವು ಅಂದರು. ಯಾರಾದರೂ ಒಬ್ಬರಿಗೆ ಇನ್ನೂ ಹೇಳುವುದಿದ್ದರೆ ಅದು ಮುಗಿದಿಲ್ಲ ಅಂತಲೇ ಲೆಕ್ಕವಂತೆ.

ಎರಡನೇ ಭಾಗದಲ್ಲಿ ನಾವಿಬ್ಬರೂ ಆ ಜಾಗಗಳನ್ನೇ ಕಾಯುತ್ತಾ ಕೂತೆವು. ಒಂದು ಬಂತು. ಸ್ಯಾಕ್ಸೋಫೋನ್ ನಿಂತಿತು, ಗಿಟಾರೂ ನಿಂತಿತು. ಹಿಂದೆ ಯಾರೋ ಚಪ್ಪಾಳೆಗೆ ಕೈ ಎತ್ತಿದ್ದರು. ಅಷ್ಟರಲ್ಲಿ ಬಾಸಿನವರು ಬಿಲ್ಲು ಕೆಳಗಿಟ್ಟು, ಬೆರಳಿನಲ್ಲಿ ದಪ್ಪ ತಂತಿ ಮೀಟಿದರು. ಅಲ್ಲಿಂದ ಮುಂದೆ ಮೂವರೂ ಸೇರಿ ಮತ್ತೆ ಕಾಲು ಗಂಟೆ ನುಡಿಸಿದರು. ಅವತ್ತಿನ ಸಂಗೀತದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ ಕಾಲು ಗಂಟೆ.